ಹತ್ತೂ ಇಪ್ಪತ್ತರ ಗಾಡಿ

ಎರಡನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿದ್ದ ಮನುಷ್ಯನನ್ನು ಸ್ಟೇಷನ್ ಮಾಸ್ಟರು ಚಿಮಟದಿಂದ ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದರು. ಆಸಾಮಿ ಇದ್ದದ್ದೇ ಕಿರುಬೆರಳಿನ ಉಗುರಿನಷ್ಟು. ಅವನ ಪೇಪರಿನಲ್ಲಿ, ಸರಿಯಾಗಿ ಕಣ್ಣಿನ ನೇರಕ್ಕೆ, ಸೂಜಿಯಿಂದ ಚುಚ್ಚಿದ ಎರಡು ತೂತುಗಳಿದ್ದವು.

"ಯಾರೇ ಇವನು?"

"ಪ್ರಯಾಣಿಕ," ಎಂದರು ಹೆಂಡತಿ, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ.

"ನಾಲ್ಕು ದಿನದಿಂದ ಕೂತಿದಾನೆ. ಒಂದು ಗಾಡೀನೂ ಹತ್ತಿಲ್ಲ."

"ಹಾಗಾದ್ರೆ ಗೂಢಚಾರ ಇರಬೇಕು. ಗೂಢಚಾರ ಅಂದ್ಮೇಲೆ ಅಷ್ಟು ಅವಸರ ಮಾಡ್ತಾನಾ? ಸಿನಿಮಾದಲ್ಲಿ ನೋಡಿಲ್ವಾ ನೀವು?"

ಮಾಸ್ಟರಿಗೆ ಮೈ ಉರಿಯಿತು. ನಿವೃತ್ತರಾದ ಮೇಲೆ ಮುಂದಿನ ಕೋಣೆಯಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ, ತಾವು ದುಡಿದ ಸ್ಟೇಷನ್ನನ್ನೇ ಮೊಳೆಗೆ ಮೊಳೆ ಲೆಕ್ಕ ಹಾಕಿ ಪುಟ್ಟದಾಗಿ ಕಟ್ಟಿದ್ದರು. ದಿನಾ ಬೆಳಿಗ್ಗೆ ಟೋಪಿ ಹಾಕಿಕೊಂಡು, ಹಳೆಯ ವೇಳಾಪಟ್ಟಿಯಂತೆಯೇ ಗಾಡಿ ಬಿಡುತ್ತಿದ್ದರು. ನೌಕರಿಯಲ್ಲಿ ಅವರ ಕೈಯಿಂದ ಒಂದು ಗಾಡಿಯೂ ಒಂದು ನಿಮಿಷ ತಡವಾಗಿ ಹೊರಟಿರಲಿಲ್ಲ. ಅಲ್ಲಿಯಂತೆ ಇಲ್ಲಿಯೂ ಒಂದು ರಿಜಿಸ್ಟರು. ಅದರ 'ತಡವಾದ ಕಾರಣ' ಎಂಬ ಕಾಲಂ ಹುಟ್ಟಿದಂತೆಯೇ ಖಾಲಿ. ಇಂಥ ಸ್ಟೇಷನ್ನಿನಲ್ಲಿ ಕೆಲಸವಿಲ್ಲದವನೊಬ್ಬ ಕೂರುವುದೆಂದರೇನು? ಪ್ಲಾಟ್‌ಫಾರಂ ಟಿಕೆಟ್ ಇಲ್ಲವೆಂಬ ಕಾರಣಕ್ಕೆ ಅವನನ್ನು ಹೊರಹಾಕಿದರು. ಮರುದಿನ ಅವನು ಅದೇ ಬೆಂಚಿನಲ್ಲಿದ್ದ. ಭೂತಗನ್ನಡಿ ಹಿಡಿದು ನೋಡಿದರೆ ಜೇಬಿನಲ್ಲಿ ಸಾಸಿವೆಯಷ್ಟು ಟಿಕೆಟ್ಟು. ಮಾಸ್ಟರು ನಿಯಮಕ್ಕೆ ತಲೆಬಾಗಿ ಸುಮ್ಮನಾದರು.

ಸುಮ್ಮನಾದದ್ದೇ ತಪ್ಪಾಯಿತು. ವಾರದೊಳಗೆ ನೀರಿನ ಟ್ಯಾಂಕಿನ ಮೇಲೆ ಕಪ್ಪು ಕನ್ನಡಕದವನೊಬ್ಬ ದುರ್ಬೀನು ಹಿಡಿದು ಮಲಗಿದ. ಹೊಸದಾಗಿ ಬಂದು ನಿಂತ ಹಮಾಲನೊಬ್ಬನ ಕಿವಿಯಿಂದ ತಾಮ್ರದ ತಂತಿಯೊಂದು ಹೊರಬಂತು. ಕನ್ನಡಿಯ ಚೂರಿನಿಂದ ಮಾಡಿದ ಹೊಳೆಯಲ್ಲಿ, ಸೇತುವೆಯ ಕೆಳಗೆ, ಒಂದು ಗುಂಡುಸೂಜಿ ಎದ್ದು ನಿಂತಿತು.

"ಇದೇನೇ ಹೊಳೇಲಿ?"

"ಉಸಿರಾಡೋ ಕೊಳವೆ. ಆಳು ನೀರೊಳಗಿದಾನೆ. ನಿಮಗೇನಾದ್ರೂ ಕಾಣಿಸ್ತಾ ಇದಾನಾ?"

"ಇಲ್ಲ."

"ಹಾಗಾದ್ರೆ ಸರಿಯಾಗಿ ಕೆಲಸ ಮಾಡ್ತಿದಾನೆ ಬಿಡಿ."

ಮಾಸ್ಟರು ಇಲಾಖೆಯ ಹಳೆಯ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದರು. ನೀರೊಳಗಿನ ಗೂಢಚಾರರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಆಮೇಲೆ ಆ ಹೆಂಗಸು ಬಂದಳು. ಕೈಯಲ್ಲಿ ಕೆಂಪು ಪೆಟ್ಟಿಗೆ, ಒಂದು ಕಾಲು ಗಾಳಿಯಲ್ಲಿ. ಮೇಲ್ಸೇತುವೆಯ ಮೆಟ್ಟಿಲು ಇಳಿದು ಓಡಿ ಬರುವ ಭಂಗಿ. ದಿನಕ್ಕೆರಡು ಮೆಟ್ಟಿಲಿನಂತೆ ಇಳಿಯುತ್ತಿದ್ದಳು. ದಿನವೂ ಹತ್ತೂ ಇಪ್ಪತ್ತರ ಗಾಡಿ ಅವಳನ್ನು ಬಿಟ್ಟು ಹೋಗುತ್ತಿತ್ತು.

ಇವರೆಲ್ಲ ಅವಳ ಬೆನ್ನು ಹತ್ತಿದವರೇ ಇರಬೇಕೆಂದು ಮಾಸ್ಟರು ಎಣಿಸಿದರು. ಖಾತ್ರಿ ಮಾಡಿಕೊಳ್ಳಲು ಹೆಂಡತಿಯ ನೂಲುಂಡೆ ತಂದು, ಪೇಪರಿನ ತೂತಿನಿಂದ, ದುರ್ಬೀನಿನಿಂದ, ಹಮಾಲನ ಮುಖದಿಂದ ಒಂದೊಂದು ನೂಲು ಎಳೆದು ನೋಡಿದರು. ಒಂದೂ ಆ ಹೆಂಗಸಿನ ಕಡೆ ಹೋಗಲಿಲ್ಲ. ಮೂರೂ ಬಂದು ಸೇರಿದ್ದು ಹಸಿರು ಬಾವುಟ ಹಿಡಿದು ನಿಂತಿದ್ದ ಸ್ಟೇಷನ್ ಮಾಸ್ಟರ್ ಗೊಂಬೆಯ ಹತ್ತಿರ.

ಮಾಸ್ಟರು ನೂಲು ಕೈಬಿಟ್ಟು ಹೆಂಗಸಿನತ್ತ ಭೂತಗನ್ನಡಿ ಹಿಡಿದರು. ಆ ಕೆಂಪು ಪೆಟ್ಟಿಗೆ ಅವರಿಗೆ ಗೊತ್ತಿತ್ತು. ಈಗಲೂ ಹೊಲಿಗೆ ಮೆಷಿನ್ನಿನ ಕೆಳಗೆ ಬಟ್ಟೆಯ ಚೂರು ತುಂಬಿಕೊಂಡು ಕೂತಿದೆ. ಮೂವತ್ತು ವರ್ಷದ ಹಿಂದೆ, ಟೆಲಿಫೋನ್ ಕಚೇರಿಯ ಕೆಲಸಕ್ಕೆ ಸಂದರ್ಶನವಿದ್ದ ದಿನ, ಹೆಂಡತಿ ಅದನ್ನು ಹಿಡಿದು ಇದೇ ಮೆಟ್ಟಿಲು ಇಳಿದು ಓಡಿ ಬರುವಾಗ ಮಾಸ್ಟರು ಹಸಿರು ಬಾವುಟ ತೋರಿಸಿದ್ದರು. ಆ ದಿಕ್ಕಿಗೆ ಇದ್ದದ್ದು ದಿನಕ್ಕೊಂದೇ ಗಾಡಿ. "ನಾನು ನಿನ್ನ ನೋಡಲಿಲ್ಲ ಕಣೇ," ಎಂದಿದ್ದರು ಮನೆಗೆ ಬಂದು. "ಹೋಗ್ಲಿ ಬಿಡಿ," ಎಂದು ಆಕೆ ಬಟ್ಟೆ ಒಣಹಾಕಲು ಹೋಗಿದ್ದರು. ಆ ಮಾತು ಅಲ್ಲಿಗೇ ನಿಂತಿತ್ತು.

ಮರುದಿನ ಕೆಂಪು ಪೆಟ್ಟಿಗೆಯ ಹೆಂಗಸು ಕೊನೆಯ ಮೆಟ್ಟಿಲ ಮೇಲಿದ್ದಳು. ಗಡಿಯಾರದಲ್ಲಿ ಹತ್ತೂ ಇಪ್ಪತ್ತಾಯಿತು. ಮಾಸ್ಟರ ಬೆರಳು ಸ್ವಿಚ್ಚಿನ ಮೇಲೇ ಇತ್ತು, ಒತ್ತಲಿಲ್ಲ. ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ರೀ, ಹತ್ತೂ ಇಪ್ಪತ್ತೆರಡಾಯ್ತು."

"ಗೊತ್ತು."

ಅವರು ಚಿಮಟದಿಂದ ಹೆಂಗಸನ್ನು ಎತ್ತಿ, ಪೆಟ್ಟಿಗೆ ತಾಗದ ಹಾಗೆ ಎರಡನೇ ಬೋಗಿಯ ಬಾಗಿಲಲ್ಲಿ ನಿಲ್ಲಿಸಿ, ಗಾಡಿ ಬಿಟ್ಟರು. ಆಮೇಲೆ ರಿಜಿಸ್ಟರು ತೆರೆದು, ಖಾಲಿ ಕಾಲಂನಲ್ಲಿ ಬರೆದರು: 'ಪ್ರಯಾಣಿಕರೊಬ್ಬರು ಓಡಿ ಬರುತ್ತಿರುವುದು ಕಂಡಿತು.'

ಹೆಂಡತಿ ಹಿಂದಿನಿಂದ ಬಗ್ಗಿ ಓದಿದರು.

"ಅವತ್ತು?"

ಮಾಸ್ಟರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಅವತ್ತೂ ಕಂಡಿತ್ತು."

ಆಕೆ ಗುಂಡಿ ಹಾಕುವ ಡಬ್ಬಿ ತಂದು, ಪೇಪರಿನವನನ್ನು ಎತ್ತಿ ಧೂಳು ಊದಿ ಅದರಲ್ಲಿ ಮಲಗಿಸಿದರು. ಆಮೇಲೆ ದುರ್ಬೀನಿನವನನ್ನು, ಆಮೇಲೆ ಹಮಾಲನನ್ನು. ಕೊನೆಗೆ ಹೊಳೆಯಿಂದ ಗುಂಡುಸೂಜಿ ಕಿತ್ತರು.

"ಇವರನ್ನ ಯಾಕೆ ತೆಗೀತಿದೀಯಾ?"

"ಕೆಲಸ ಮುಗೀತಲ್ಲ," ಎಂದು ಆಕೆ ಡಬ್ಬಿಯ ಮುಚ್ಚಳ ಹಾಕಿದರು. "ಮೂವತ್ತು ವರ್ಷ ನನ್ನ ಕೈಲಿ ಆಗಲಿಲ್ಲ. ಇವರು ಎರಡೇ ವಾರದಲ್ಲಿ ನಿಮ್ಮ ಬಾಯಿ ಬಿಡಿಸಿದ್ರು."