ಓಟಿಲ್ಲದ ಮಾತು

"ಸಿಕ್ಬುಡ್ತು ಅಜ್ಜಿ! ವಿಶ್ವಸಂಸ್ಥೆಯೋರು ನಮ್ಮ ಸಂಘಕ್ಕೆ ಸಲಹಾ ಸ್ಥಾನಮಾನ ಕೊಟ್ಟವ್ರೆ," ಎಂದು ಕಾರ್ಯದರ್ಶಿ ಸಿಂಧು ಲ್ಯಾಪ್‌ಟಾಪನ್ನು ನೀಲಗಂಗಮ್ಮನವರ ಕಡೆ ತಿರುಗಿಸಿದಳು. ಅರ್ಜಿ ಹಾಕಿ ಮೂರು ವರ್ಷವಾಗಿತ್ತು. ಚನ್ನರಾಯಪಟ್ಟಣದ ಈ ತೆಂಗಿನ ನಾರಿನ ಹೆಂಗಸರ ಸಂಘವನ್ನು ಕಟ್ಟಿದ್ದು ನೀಲಗಂಗಮ್ಮ ಮತ್ತು ಅವರ ಗೆಳತಿ ದೇವೀರಮ್ಮ.

"ಅಂಗಂದ್ರೆ ಏನವ್ವಾ?"

"ಜಿನೀವಾದ ಸಭೆಗೆ ಓಗ್ಬೋದು, ಕೂತು ಮಾತಾಡ್ಬೋದು. ಓಟು ಮಾತ್ರ ಇಲ್ಲ."

ನೀಲಗಂಗಮ್ಮ ನಕ್ಕರು. "ಆಗ ನಮ್ಗೆ ಓಟಿತ್ತು ಕಣವ್ವಾ, ಮಾತೇ ಇರ್ನಿಲ್ಲ." ಮೂವತ್ತು ವರ್ಷದ ಹಿಂದಿನ ಗ್ರಾಮಸಭೆ ಅವರ ಕಣ್ಣ ಮುಂದೆ ಬಂತು. ತೆಂಗಿನ ಸಿಪ್ಪೆ ನೆನೆಸುವ ಹೊಂಡದ ನೀರಿನಿಂದ ಹೆಂಗಸರ ಕೈಯೆಲ್ಲ ಹುಣ್ಣಾಗುತ್ತಿದೆ ಎಂದು ಹೇಳಲು ದೇವೀರಮ್ಮ ಎದ್ದು ನಿಂತಿದ್ದಳು. "ಕೂತ್ಕಳಮ್ಮೀ" ಎಂದು ಗಂಡಸರು ಗದರಿದರೂ ಕೂರಲಿಲ್ಲ. ಸಭೆ ಮುಗಿಯುವವರೆಗೂ ಎರಡೂ ಅಂಗೈಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಸುಮ್ಮನೆ ನಿಂತೇ ಇದ್ದಳು.

"ಮೊದಲ್ನೇ ಸಭೇಲಿ ಮಾತಾಡೋರು ಯಾರು ಅಂತ ಬರೀಲಿ ಅಜ್ಜಿ?"

"ದೇವೀರಿ," ಎಂದುಬಿಟ್ಟರು ನೀಲಗಂಗಮ್ಮ.

ದೇವೀರಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಟೈಪ್ ಮಾಡಲು ಹೊರಟ ಸಿಂಧುವಿನ ಬೆರಳು ಅಲ್ಲೇ ನಿಂತಿತು. ನೀಲಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನೆಸ್ರೇ ಬರ್ಕೊ. ಅವತ್ತು ಅವ್ಳು ಏಳಕ್ಕೆ ಓಗಿದ್ನ ನಾನು ಏಳ್ತೀನಿ."