ಒಂದು ಸೈಜ್ ದೊಡ್ಡ ಅಂಗಿ

ಯುಗಾದಿಯ ಬೇವುಬೆಲ್ಲಕ್ಕೆ ಎಲ್ಲರ ಮನೆಯಲ್ಲೂ ಬೆಳವಣಿಗೆ ನಿಲ್ಲಿಸುವ ಹನಿ ಹಾಕುತ್ತಿದ್ದರು. ತಿಂದ ಮಗು ಮುಂದಿನ ಯುಗಾದಿಯವರೆಗೆ ಹಾಗೇ ಇರುತ್ತಿತ್ತು. ಸಾಕು, ನಮ್ಮಿಬ್ಬರು ಗಂಡುಮಕ್ಕಳು ಇನ್ನಾದರೂ ಬೆಳೆಯಲಿ ಎಂದು ವಾಗ್ದೇವಿ ಹೋದ ವರ್ಷ ಬೇಡಿಕೊಂಡಾಗ ಗಂಡ ಶ್ರೀಪಾದ, “ಹಾಕಲ್ಲ ಬಿಡು” ಎಂದು ಮಾತು ಕೊಟ್ಟಿದ್ದ. ಅದನ್ನು ನಂಬಿ ಅವಳು ಈ ಹಬ್ಬಕ್ಕೆ ಒಂದು ಸೈಜ್ ದೊಡ್ಡ ಅಂಗಿಗಳನ್ನೇ ತಂದಿದ್ದಳು. ಎಣ್ಣೆಸ್ನಾನ ಮುಗಿಸಿ ತೊಡಿಸಿದರೆ ಇಬ್ಬರ ಕೈಗಳೂ ಅಂಗಿಯ ತೋಳಿನೊಳಗೇ ಮುಚ್ಚಿಹೋದವು.

“ಏನ್ರೀ, ಇವ್ರು ಒಂದಿಂಚೂ ಬೆಳ್ದಿಲ್ವಲ್ಲ?”

“ನಮ್ಮ ಕಡೆಯವ್ರು ಬೆಳೆಯೋದೇ ನಿಧಾನ ಕಣೇ,” ಎಂದ ಶ್ರೀಪಾದ, ಬೇವುಬೆಲ್ಲ ಕಲಸುತ್ತ.

ದೊಡ್ಡ ಮಗ ಬಟ್ಟಲಿನತ್ತ ಬಾಗಿ ಕೇಳಿದ: “ಅಪ್ಪಾ, ಹನಿ ಹಾಕೋಕೆ ಹೋದ್ಸಲದ ಥರ ಅಮ್ಮ ಒಳಗೆ ಹೋಗೋವರ್ಗೂ ಕಾಯ್ಬೇಕಾ?”