ನಾನೂರ ಹನ್ನೆರಡು ಉಲ್ಲೇಖ

"ಸೀಲು ಒತ್ತಿ ಕೊಡಿ ತಾಯಿ, ಎಣಿಕೆ ಸರಿಯಾಗೇ ಇದೆ," ಎಂದು ಸಾಂಕ್ರಾಮಿಕ ರೋಗಗಳ ಪ್ರೊಫೆಸರರು ಫಾರಮನ್ನು ಮುಂದಕ್ಕೆ ತಳ್ಳಿದರು. ಗ್ರಂಥಪಾಲಕಿಯ ಕೈ ಸೀಲಿನ ಮೇಲೇ ಇತ್ತು, ಆದರೆ ಏಳಲಿಲ್ಲ. ಮಕ್ಕಳಿಗೆ ಬರುವ ಒಂದು ಜ್ವರಕ್ಕೆ ವಾರವಿಡೀ ಮದ್ದು ಬೇಡ, ಮೂರು ದಿನ ಸಾಕು ಎಂದು ಪ್ರೊಫೆಸರರು ಬರೆದ ಪ್ರಬಂಧವನ್ನು ಬೇರೆ ಸಂಶೋಧಕರು ನಾನೂರ ಹನ್ನೆರಡು ಸಲ ಉಲ್ಲೇಖಿಸಿದ್ದರು. ಫಾರಂನಲ್ಲಿ ಆ ಸಂಖ್ಯೆಗೆ ಅವಳ ಸೀಲು ಬಿದ್ದರೆ ಸಂಸ್ಥೆಯ ನಿರ್ದೇಶಕರ ಕುರ್ಚಿ ಅವರದೇ.

ಉಲ್ಲೇಖಗಳನ್ನು ಎಣಿಸುವವರೇ ಎಲ್ಲ, ಓದುವವರು ಯಾರು? ಇವಳು ಮಾತ್ರ ಕೆಟ್ಟ ಚಾಳಿಯವಳು. ಹದಿನೈದು ದಿನ ಕೂತು ಒಂದೊಂದನ್ನೂ ಓದಿದ್ದಳು. "ಸರ್, ಉಲ್ಲೇಖಿಸಿದವರಲ್ಲಿ ಮುಕ್ಕಾಲು ಪಾಲು ಜನ ನಿಮ್ಮ ಹೆಸರು ತಗೊಂಡಿರೋದು ಹೊಗಳೋಕಲ್ಲ. ಮೂರು ದಿನಕ್ಕೆ ಮದ್ದು ನಿಲ್ಲಿಸಿದ್ರೆ ಜ್ವರ ತಿರುಗಿ ಬರುತ್ತೆ, ಮಕ್ಕಳು ಉಳಿಯಲ್ಲ, ಈ ಪ್ರೊಫೆಸರ್ ಮಾತು ಕೇಳ್ಬೇಡಿ ಅಂತ ಬರೆದಿದಾರೆ."

"ಬೈಯೋಕಾದ್ರೂ ಹೆಸರು ಹಿಡೀಲೇಬೇಕಲ್ಲಮ್ಮ!" ಪ್ರೊಫೆಸರರು ಗಹಗಹಿಸಿದರು. "ಫಾರಂನಲ್ಲಿ ಎಷ್ಟು ಅಂತ ಕೇಳಿದಾರೆ, ಯಾಕೆ ಅಂತ ಕೇಳಿಲ್ಲ."

"ಪ್ರಬಂಧ ಹಿಂದಕ್ಕೆ ತಗೊಳ್ಳಿ ಸರ್. ಇನ್ನೂ ಅದನ್ನ ನಂಬಿ ಮೂರೇ ದಿನ ಮದ್ದು ಕೊಡೋರಿದಾರೆ."

"ತಗೊಂಡ್ರೆ ಎಣಿಕೆ ಸೊನ್ನೆ ಆಗುತ್ತಲ್ಲ!"

ಅವಳು ಫಾರಮನ್ನು ಅವರ ಕಡೆಗೇ ತಿರುಗಿಸಿಟ್ಟಳು. "ಹೋದ ತಿಂಗಳು ನಿಮ್ಮ ಮೊಮ್ಮಗಳಿಗೂ ಇದೇ ಜ್ವರ ಬಂದಿತ್ತಲ್ಲ. ಎಷ್ಟು ದಿನ ಮದ್ದು ಕೊಟ್ರಿ?"

ಪ್ರೊಫೆಸರರ ನಗು ಅಲ್ಲೇ ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡರು. "ವಾರ ಪೂರ್ತಿ," ಎಂದರು ಮೆಲ್ಲಗೆ. "ಮನೆ ಮಗು ಅಲ್ವೇನಮ್ಮ?"

ಅವಳು ಸೀಲನ್ನು ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದಳು.